ಕಡೆಯ ನುಡಿಯ ಹೆಸರು

ದುಧನಿ
ಮಂಗಳವಾರ, ೧೮ ಮಾರ್ಚ್ ೨೦೨೫

ನನ್ನ ಸಾಯಲಿಗೆ,

ನಿನ್ನ ಅವ್ವನ ಜಯಭೀಮ, ಮತ್ತೆ ಎರಡೂ ಕೆನ್ನೆಗೆ ಮುತ್ತು. ಊಟ ಬಿಡಬೇಡ. ಸಿನಿಮಾದವರು ತೆಳ್ಳಗಾಗು ಅಂದರೆ, ನೀವು ಯಾರ ಕಥೆ ತೆಗೆಯುತ್ತೀರೋ ಆ ನಮ್ಮವ್ವ ಪುತಳಾಬಾಯಿ ಎರಡು ಜೋಳದ ರೊಟ್ಟಿ ತಿನ್ನದೆ ಸ್ಟೇಜ್ ಹತ್ತುತ್ತಿರಲಿಲ್ಲ ಅಂತ ಹೇಳು.

ಕಾಗದ ನೋಡಿ ಹೆದರಬೇಡ. ಯಾರಿಗೂ ಏನೂ ಆಗಿಲ್ಲ. ಹೆದರಿಕೆ ನನಗೆ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನಿನ್ನ ಫೋನ್ ಯಾವಾಗಲೂ ಸ್ಪೀಕರ್ ಮೇಲಿರುತ್ತದೆ. ನಾನು ಮಾತು ಶುರು ಮಾಡಿದರೆ ಮೇಕಪ್ಪಿನವಳು ನಡುವೆ ನಮಸ್ಕಾರ ಹೇಳುತ್ತಾಳೆ. ಧ್ವನಿ ತುಂಬಿ ಕಳಿಸಿದರೆ ಅದು ಯಾರ್ಯಾರ ಕಿವಿಗೆ ಹೋಗುತ್ತದೋ. ಕನ್ನಡದ ಕಾಗದವನ್ನು ಮುಂಬೈಯಲ್ಲಿ ನಿನ್ನ ಸುತ್ತಮುತ್ತ ಓದುವವರಿಲ್ಲ. ನಿನಗೂ ಕಷ್ಟವೇ, ಗೊತ್ತು. ಬೇಸಿಗೆ ರಜೆಯಲ್ಲಿ ದ್ರೌಪದಿ ಮಾವಶಿ ಪಾಟಿಯ ಮೇಲೆ ತಿದ್ದಿಸಿದ್ದನ್ನು ನೆನೆಸಿಕೊಂಡು, ಕೂಡಿಸಿ ಕೂಡಿಸಿ ಓದು. ಬೇರೆ ಯಾರಿಂದಲೂ ಓದಿಸಬೇಡ.

ಮೂರು ದಿನವಾಯಿತು, ನಾನು ಮಾವಶಿಯ ಮನೆಯಲ್ಲೇ ಇದ್ದೇನೆ. ಸೊಲ್ಲಾಪುರದಲ್ಲಿ ಕೂತಿರಲಾಗಲಿಲ್ಲ.

ಹೋದ ವಾರ ನೀನು ಕೇಳಿದೆಯಲ್ಲ, "ಅವ್ವಾ, ನೀ ಹಾಡ ಬರಿಯೋ ಮುಂದ ಪೆನ್ನ ಹೆಂಗ ಹಿಡಿತಿ? ಒಂದ ವಿಡಿಯೋ ಮಾಡಿ ಕಳಸ. ಇಪ್ಪತ್ನಾಲ್ಕಕ್ಕ, ಸೋಮವಾರ, ಅದ ಸೀನ್ ಅದ" ಅಂತ. ನಾನು ಹ್ಞೂಂ ಅಂದುಬಿಟ್ಟೆ. ಫೋನ್ ಇಟ್ಟವಳು ಹಾಗೆಯೇ ನಿಂತಿದ್ದೆ, ಒಲೆಯ ಮೇಲೆ ಹಾಲು ಉಕ್ಕಿ ಪೂರ್ತಿ ಸುಟ್ಟುಹೋದ ಮೇಲೇ ಎಚ್ಚರವಾಯಿತು. ಆಮೇಲೆ ನೀನು ನಾಲ್ಕು ಸಲ ನೆನಪಿಸಿದೆ. ಒಂದು ಸಲ ಕೈ ಉಳುಕಿದೆ ಅಂದೆ, ಒಂದು ಸಲ ಚಾರ್ಜ್ ಇಲ್ಲ ಅಂದೆ. ಎರಡೂ ಸುಳ್ಳು.

ದೊಡ್ಡ ಸುಳ್ಳು ಬೇರೆಯದು. ಹೋದ ದೀಪಾವಳಿಯಲ್ಲಿ ನಿಮ್ಮ ಡೈರೆಕ್ಟರ್ ಶೈಲೇಶ ಮನೆಗೆ ಬಂದಿದ್ದರು. ಬಹಳ ಮರ್ಯಾದಸ್ಥ ಮನುಷ್ಯ, ನನ್ನ ಕಾಲು ಮುಟ್ಟಿದರು. ಪೆನ್ನಿನ ಹಾಡನ್ನು ಹೇಗೆ ಬರೆದಿರಿ ಅಂತ ಕೇಳಿದರು. ಚಿಂಚೋಳಿ ಎಂಐಡಿಸಿಯ ಟವೆಲ್ ಕಾರ್ಖಾನೆ, ಊಟದ ಸುಟ್ಟಿ, ಹೆಂಗಸರೆಲ್ಲ ಡಬ್ಬಿ ಬಿಚ್ಚುವಾಗ ನಾನೊಬ್ಬಳೇ ಮೂಲೆಯಲ್ಲಿ ಕೂತು ಹರಿದ ರಟ್ಟಿನ ಮೇಲೆ ಬರೆದೆ ಅಂದೆ. ಕೇಳಿ ಅವರ ಕಣ್ಣಲ್ಲಿ ನೀರು ಬಂತು. ನನಗೂ ಬಂತು. ಯಾಕೆಂದರೆ ಕಾರ್ಖಾನೆ ನಿಜ, ರಟ್ಟು ನಿಜ, ಮೂಲೆಯೂ ನಿಜ. ಅಲ್ಲಿ ಕೂತವಳು ಮಾತ್ರ ನಾನಲ್ಲ. ನಿನ್ನ ಮಾವಶಿ, ನನ್ನ ಒಡಹುಟ್ಟಿದವಳು.

ಹೌದು ಸಾಯಲಿ. ಪೆನ್ನಿನ ಹಾಡು ಅವಳದು. ಅದರ ಹಿಂದಿನ ಹನ್ನೊಂದು ಹಾಡೂ ಅವಳವೇ. ಅವಳು ಬರೆದು ಒಂದು ಸಲ ಓದಿ ಹೇಳುತ್ತಿದ್ದಳು. ಟವೆಲ್ ಮಡಚುತ್ತಾ ನಾನು ಚಾಲಿ ಕೂಡಿಸಿ ಧಾಟಿ ಹಚ್ಚುತ್ತಿದ್ದೆ, ಸಂಜೆ ಬಸ್ ಹತ್ತುವಷ್ಟರಲ್ಲಿ ಬಾಯಿಪಾಠ. ನಿಮ್ಮಪ್ಪ ಹಾರ್ಮೋನಿಯಂ ಪೇಟಿ ಬಾರಿಸುತ್ತಿದ್ದರು, ನಾನು ಮುಂದೆ, ಮಾವಶಿ ಹಿಂದೆ ಕೋರಸ್ಸಿನಲ್ಲಿ. ಭೀಮ ಜಯಂತಿಗೆ ಯಾವ ಊರಿಗೆ ಹೋದರೂ ಹಾಗೇ.

ನಮ್ಮ ಹಾಡಿಕೆಯ ರೂಢಿ ನಿನಗೆ ಗೊತ್ತು. ಕಡೆಯ ನುಡಿಯಲ್ಲಿ ಬರೆದವರ ಹೆಸರು ಬರಬೇಕು, ಆ ಹೆಸರು ಬಾಯಿಗೆ ಬಂದಾಗ ಹಾಡುವವರು ಮರ್ಯಾದೆಗೆ ಕಿವಿ ಮುಟ್ಟಿಕೊಳ್ಳಬೇಕು. ಪೆನ್ನಿನ ಹಾಡು ಮುಗಿಯುತ್ತಿದ್ದದ್ದು ಹೀಗೆ:

ಕಸಬರಿಗಿ ಹಿಡದ ಕೈಗೆ ಪೆನ್ನ ಬಂತವ್ವ
ದುಧನಿ ದ್ರೌಪದಿ ಬರದ ಹಾಡ

ನೂರಾರು ಸ್ಟೇಜಿನಲ್ಲಿ ನಾನು ಹೀಗೇ ಹಾಡಿದೆ, ಕಿವಿ ಮುಟ್ಟಿಕೊಂಡು. ತೊಂಬತ್ತಾರರಲ್ಲಿ ಪುಣೆಯ ಒಬ್ಬ ಕ್ಯಾಸೆಟ್ ಕಂಪನಿಯ ಮಾಲೀಕ ನಮ್ಮನ್ನು ಕರೆಸಿದ. ಕ್ಯಾಸೆಟ್ಟಿನ ಹೊದಿಕೆಯ ಮೇಲೆ ನನ್ನ ಫೋಟೋ ಛಾಪಿಸಿಯಾಗಿತ್ತು. ಹಾಡಿನಲ್ಲಿ ಇನ್ನೊಬ್ಬಳ ಹೆಸರು ಯಾಕೆ, ಜನರಿಗೆ ಗೊಂದಲ ಆಗುತ್ತದೆ, ಪುತಳಾ ಅಂತ ಮಾಡಿ ಅಂದ. ಅಕ್ಷರ ಲೆಕ್ಕಕ್ಕೆ ಕೂಡದಿದ್ದರೆ ಊರಿನ ಹೆಸರೂ ಬದಲಿಸಿ ಅಂದ. ಅವನು ನನ್ನ ಕುತ್ತಿಗೆಗೆ ಚಾಕು ಇಟ್ಟಿರಲಿಲ್ಲ. ನಾನು ಇಲ್ಲ ಅನ್ನಬಹುದಿತ್ತು. ಆಗಲಿ ಅಂದೆ.

ಮಾವಶಿ ಅಲ್ಲೇ ಇದ್ದಳು, ನನ್ನ ಬೆನ್ನ ಹಿಂದೆ ಎರಡು ಹೆಜ್ಜೆ ದೂರದಲ್ಲಿ. ನಾನು "ಸೊಲ್ಲಾಪುರ ಪುತಳಾ ಬರದ ಹಾಡ" ಅಂದೆ. ಕೋರಸ್ಸಿನವರು ಕಡೆಯ ಸಾಲನ್ನು ಎರಡು ಸಲ ತಿರುಗಿ ಹೇಳಬೇಕಲ್ಲ, ಅವಳೂ ಹೇಳಿದಳು. ಆ ಕ್ಯಾಸೆಟ್ಟಿನಲ್ಲಿ ಅವಳ ಧ್ವನಿ ಇದೆ. ನಾನು ತಿರುಗಿ ನೋಡಲಿಲ್ಲ. ವಾಪಸ್ ಬರುವ ರೈಲಿನಲ್ಲಿ ಅವಳು ನನಗೆ ಅರ್ಧ ಪೇರಲ ಹಣ್ಣು ಕೊಟ್ಟಳು. ಮುಂದಿನ ತಿಂಗಳು ಕಾರ್ಖಾನೆ ಬಿಟ್ಟು ದುಧನಿಗೆ ಬಂದು ಅಂಗನವಾಡಿ ಸೇರಿದಳು. ಮತ್ತೆ ಹಾಡು ಬರೆದು ಕೊಡು ಅಂತ ಕೇಳಲು ನನಗೆ ಮುಖವಿರಲಿಲ್ಲ. ಅದಕ್ಕೇ ನನ್ನ ಎರಡನೇ ಕ್ಯಾಸೆಟ್ ಬರಲೇ ಇಲ್ಲ. ನೀನು ಪೇಪರಿನವರಿಗೆ, ನಮ್ಮವ್ವ ಸಂಸಾರಕ್ಕಾಗಿ ಕಲೆ ತ್ಯಾಗ ಮಾಡಿದಳು ಅಂತ ಹೇಳುತ್ತೀಯ. ಓದಿದವರು ನನಗೆ ಬಂದು ಹೇಳುತ್ತಾರೆ.

ಈಗ ನಿನ್ನ ಮಾತಿಗೆ ಬರುತ್ತೇನೆ. ಒಂಬತ್ತು ವರ್ಷದವಳಿದ್ದಾಗ ಬೋರಾಮಣಿಯ ಜಯಂತಿಯಲ್ಲಿ ನನ್ನ ಸೆರಗು ಹಿಡಿದು ಎರಡು ನುಡಿ ಹಾಡಿದೆ. ಕಡೆಯ ಸಾಲಿಗೆ ನನ್ನನ್ನು ನೋಡಿ ನೀನೂ ಕಿವಿ ಮುಟ್ಟಿಕೊಂಡೆ. ಕಾಲೇಜಿನಲ್ಲಿ ಅದೇ ಹಾಡಿಗೆ ಡ್ರಮ್ ಗಿಮ್ ಹಚ್ಚಿ, ಮೈಮೇಲೆ ಚಮಕಿ ಹಾಕಿಕೊಂಡು ಹಾಡಿದಾಗ ನಾನು ಎಂಟು ದಿನ ನಿನ್ನ ಜೊತೆ ಮಾತು ಬಿಟ್ಟೆ. ನೀನು ಬಟ್ಟೆಗಾಗಿ ಸಿಟ್ಟು ಅಂದುಕೊಂಡೆ. ಬಟ್ಟೆಗಲ್ಲ ಮಗಳೇ. ಆ ಹಾಡು ಊರೂರು ತಿರುಗಿ ದುಧನಿಗೂ ಹೋಗುತ್ತದೆ ಅಂತ. ಹೋಯಿತು ಕೂಡ. ಒಂದು ಕೈ ಸೊಂಟದ ಮೇಲೆ, ಒಂದು ಕೈ ಕಿವಿಗೆ, ಆ ನಿಲುವು ನಿನ್ನ ಗುರುತಾಯಿತು. ಈಗ ಅಕ್ಕಲಕೋಟದ ಹುಡುಗಿಯರೆಲ್ಲ ಬಸ್ ಸ್ಟ್ಯಾಂಡಿನಲ್ಲಿ ಹಾಗೆ ನಿಂತು ರೀಲ್ ಮಾಡುತ್ತಾರೆ.

ಒಂದು ಮಾತು ಯಾರೂ ಯೋಚಿಸಲಿಲ್ಲ. ತನ್ನ ಹೆಸರಿಗೆ ತಾನೇ ಯಾರಾದರೂ ಕಿವಿ ಮುಟ್ಟಿಕೊಳ್ಳುತ್ತಾರಾ? ಆವತ್ತು ಪುಣೆಯಲ್ಲಿ ಪುತಳಾ ಅನ್ನುವಾಗಲೂ ನನ್ನ ಕೈ ತಾನಾಗಿ ಕಿವಿಗೆ ಹೋಯಿತು. ಅಲ್ಲಿಂದ ಇಲ್ಲಿಯವರೆಗೆ ಬಿಡಿಸಲು ಆಗಿಲ್ಲ. ನಿನ್ನ ಪೋಸ್ಟರಿನಲ್ಲಿ ನೀನು ಮಾಡುವ ಆ ನಮಸ್ಕಾರ ನನಗಲ್ಲ, ಮಾವಶಿಗೆ.

ಮುಂದೆ ನಿನ್ನ ಎರಡು ಹಾಡು ಓಡದೆ ಬಿದ್ದವು. ಸೀರಿಯಲ್ಲಿನಲ್ಲಿ ನಾದಿನಿಯ ಪಾತ್ರ ಮಾಡಿದೆ, ಅದೂ ಆರು ತಿಂಗಳಿಗೆ ನಿಂತಿತು. ಪೂರ್ತಿ ಒಂದು ವರ್ಷ ಕೆಲಸವಿಲ್ಲದೆ ಕೂತೆ. ತಾಯಿಯ ಹೆಸರಿಲ್ಲದಿದ್ದರೆ ಇವಳಿಗೆ ಏನಿದೆ ಅಂತ ಯಾರೋ ಬರೆದದ್ದನ್ನು ನೀನೇ ನನಗೆ ಓದಿ ಹೇಳಿ ಅತ್ತುಬಿಟ್ಟೆ. ನಾನು ಸಮಾಧಾನ ಮಾಡಿದೆ. ಆ ಹೆಸರೇ ಕದ್ದದ್ದು ಅಂತ ಆಗಲೂ ಹೇಳಲಿಲ್ಲ. ಈಗ ಇಷ್ಟು ದಿನಕ್ಕೆ ಮೊದಲ ಸಲ ನೀನು ಹೀರೋಯಿನ್, ಅದೂ ನನ್ನ ಪಾತ್ರಕ್ಕೆ. ನಿಜ ಹೇಳಿದರೆ ಸಿನಿಮಾ ನಿಲ್ಲಬಹುದು, ಶೈಲೇಶ ನಿನ್ನ ಮೇಲೆ ಸಿಟ್ಟಾಗಬಹುದು, ಮತ್ತೆ ಆ ವರ್ಷದ ಹಾಗೆ ಬಾಗಿಲು ಹಾಕಿಕೊಂಡು ಕೂರುತ್ತೀಯೇನೋ. ಹೇಳದಿದ್ದರೆ, ಆ ಮೂಲೆಯಲ್ಲಿ ಆ ರಟ್ಟಿನ ಮೇಲೆ ನೀನು ಕೂಡ ಅವಳ ಜಾಗದಲ್ಲಿ ಕೂರುತ್ತೀಯ. ನಾನು ಕೂತದ್ದು ಸಾಕು.

ಯೋಚನೆ ಮಾಡಿ ನೋಡು, ನಿನಗೆ ಬಿಟ್ಟದ್ದು ಅನ್ನುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಅವ್ವ ಹೇಳುತ್ತಿದ್ದೇನೆ, ಕೇಳು. ಸೋಮವಾರ ಆ ಸೀನ್ ಮಾಡಬೇಡ. ಮಾಡಿದರೆ ಬರೆಯುವವಳು ದ್ರೌಪದಿ ಆಗಿರಬೇಕು, ನೀನು ಅವಳ ಪಕ್ಕದಲ್ಲಿ ಟವೆಲ್ ಮಡಚುತ್ತಾ ಹಾಡಬೇಕು. ಹೊಸದಾಗಿ ಹಾಡು ರೆಕಾರ್ಡ್ ಮಾಡುವಾಗ ಕಡೆಯ ನುಡಿಯಲ್ಲಿ ಅವಳ ಹೆಸರು ತಿರುಗಿ ಹಾಕು. ಶೈಲೇಶ ಅವರು ಬೈದರೆ ನನ್ನ ಹತ್ತಿರ ಕಳಿಸು, ಈ ಸಲ ನಾನು ಅವರ ಕಾಲು ಮುಟ್ಟುತ್ತೇನೆ.

ವಿಡಿಯೋ ಕಳಿಸಲು ಆಗುವುದಿಲ್ಲ. ಅದಕ್ಕೆ ಇನ್ನೊಂದು ಕಾರಣವೂ ಇದೆ. ಅದನ್ನು ಹೇಳಲು ಬಾಯಿ ಬರುತ್ತಿಲ್ಲ.

ಉತ್ತರ ಬರೆಯುವುದು ಬೇಡ. ಓದಿ ಮುಗಿಸಿದ ಕೂಡಲೇ ಒಂದು ಮಿಸ್ ಕಾಲ್ ಕೊಡು. ಸ್ಪೀಡ್ ಪೋಸ್ಟ್ ಶುಕ್ರವಾರ ಮುಟ್ಟುತ್ತದಂತೆ. ಶುಕ್ರವಾರ ಬೆಳಗಿನಿಂದ ಫೋನ್ ಮಡಿಲಲ್ಲಿ ಇಟ್ಟುಕೊಂಡು ಕೂತಿರುತ್ತೇನೆ.

ನಿನ್ನ ಅವ್ವ
ಪುತಳಾ

ತಾ.ಕ.: ಸಾಯಲಿ, ಇದು ನಿನ್ನ ಮಾವಶಿ ದ್ರೌಪದಿ. ಮೇಲಿನ ಸೊಟ್ಟ ಸಹಿಯೊಂದೇ ನಿಮ್ಮವ್ವನದು. ಕ್ಯಾಸೆಟ್ಟಿನ ಕರಾರು ಪತ್ರಕ್ಕೆ ಹಾಕಲೆಂದು ಆ ಮೂರು ಅಕ್ಷರ ಕಲಿಸಿದವಳೂ ನಾನೇ. ಉಳಿದದ್ದೆಲ್ಲ ನನ್ನ ಕೈಬರಹ, ಪಾಟಿಯ ಮೇಲೆ ನೋಡಿದ್ದೀಯ. ಅವಳಿಗೆ ಓದು ಬರಹ ಬರುವುದಿಲ್ಲ, ಯಾವ ಭಾಷೆಯಲ್ಲೂ. ಸೊಲ್ಲಾಪುರದಲ್ಲಿ ಮರಾಠಿ ಕಾಗದ ಮುಂದಿಟ್ಟರೆ ನಾನು ಕನ್ನಡ ಸಾಲಿಯಲ್ಲಿ ಕಲಿತವಳು ಅನ್ನುತ್ತಿದ್ದಳು. ಈ ಕಡೆ ಕನ್ನಡ ಮುಂದಿಟ್ಟರೆ ನಾನು ಮರಾಠಿ ಸಾಲಿಯವಳು ಅನ್ನುತ್ತಿದ್ದಳು. ಎರಡೂ ಕಡೆಯವರು ನಂಬಿದರು, ನೀನೂ ನಂಬಿದೆ. ಇದೊಂದನ್ನು ಹೇಳಿ ಬರೆಸಲು ಅವಳಿಂದ ಆಗಲಿಲ್ಲ. "ನೀನ ಬರದ ಬಿಡ" ಅಂತ ಎದ್ದು ಹೋಗಿ ಕಟ್ಟೆಯ ಮೇಲೆ ಕೂತಿದ್ದಾಳೆ.

ಮೊದಲ ದಿನ ಬರೀ ನಿನ್ನ ಊಟದ ಮಾತು ಬರೆಸಿದಳು. ಎರಡನೇ ದಿನ ಪುಣೆಯ ಮಾತಿನವರೆಗೆ ಬಂದು ನಿಲ್ಲಿಸಿದಳು. ನಾನು ಪೆನ್ನು ಹಿಡಿದು ಕಾದೆ. ನನ್ನ ಮುಖ ನೋಡಿ ಅದನ್ನು ಹೇಳದ ಹೊರತು ನಿನಗೆ ಈ ಕಾಗದ ಬರುತ್ತಿರಲಿಲ್ಲ. ಇವತ್ತು ಹೇಳಿದಳು.

ನನಗೆ ಸಿಟ್ಟಿರಲಿಲ್ಲ ಅಂದರೆ ಸುಳ್ಳಾಗುತ್ತದೆ. ಇತ್ತು. ಆದರೆ ಪ್ರತಿ ವರ್ಷ ಜಯಂತಿಗೆ ಸೊಲ್ಲಾಪುರಕ್ಕೆ ಹೋಗಿ ಹೆಂಗಸರ ನಡುವೆ ನಿಲ್ಲುತ್ತಿದ್ದೆ, ಅವಳಿಗೆ ಗೊತ್ತಿಲ್ಲ. ಕಡೆಯ ನುಡಿ ಬಂದಾಗ ಅವಳ ಬಾಯಿ ಕೇಳುತ್ತಿರಲಿಲ್ಲ, ಕೈ ನೋಡುತ್ತಿದ್ದೆ. ಕೈ ಕಿವಿಗೆ ಹೋದದ್ದು ನೋಡಿ ರೈಲು ಹತ್ತುತ್ತಿದ್ದೆ.

ಪೆನ್ನು ಹೇಗೆ ಹಿಡಿಯುವುದು ಅಂತ ಕಲಿಯಬೇಕಿದ್ದರೆ ಭಾನುವಾರ ದುಧನಿಗೆ ಬಾ. ಎರಡು ಪಾಟಿ ತಂದಿಟ್ಟಿದ್ದೇನೆ, ಒಂದು ನಿಮ್ಮವ್ವನಿಗೆ.