ಅಪ್ಪ ಉಳಿಸಿದ ಹುಳಿಹಿಟ್ಟು

ಸಯನ್, ಮುಂಬಯಿ
೯ ಜೂನ್ ೨೦೨೪

ಪ್ರೀತಿಯ ಮಗಳು ಶ್ರಾವ್ಯಾಳಿಗೆ,

ಅಮ್ಮನ ಆಶೀರ್ವಾದಗಳು. ನಾನು ಆರಾಮವಿದ್ದೇನೆ. ಜೋಗೇಶ್ವರಿಯಲ್ಲಿ ನೀನೂ ಅನಿಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. “ಅಮ್ಮಾ, ನನ್ನ ಬ್ರೆಡ್ ಸ್ಟಾರ್ಟರ್ ಇನ್ನೂ ಇದ್ಯಾ?” ಎಂದು ನೀನು ಮೆಸೇಜ್ ಮಾಡಿ ಮೂರು ವಾರವಾಯಿತು. ಉತ್ತರಿಸಲಿಲ್ಲವೆಂದು ಬೇಸರಿಸಬೇಡ. ಫೋನಿನಲ್ಲಿ ಒಂದು ಸಾಲಲ್ಲಿ ಹೇಳುವಂಥದ್ದಾಗಿರಲಿಲ್ಲ.

ಇದೆ ಮಗಾ, ನಿನ್ನ ಬ್ರೆಡ್ಡಿನ ಹುಳಿಹಿಟ್ಟು. ಪಕ್ಕದ ಮನೆಯ ವೈಶಾಲಿ ನಾಳೆ ನಿಮ್ಮ ಕಡೆ ಕೆಲಸಕ್ಕೆ ಬರುವಾಗ ಈ ಪತ್ರದ ಜೊತೆ ಅದರ ಭರಣಿಯನ್ನೂ ತರುತ್ತಾಳೆ. ಲೋಕಲ್‌ನ ಸೆಕೆಗೆ ಉಕ್ಕಿ ಅವಳ ಬ್ಯಾಗು ಹಾಳಾದೀತೆಂದು ಭರಣಿಯನ್ನು ಸ್ಟೀಲ್ ಡಬ್ಬದೊಳಗೆ ಇಟ್ಟಿದ್ದೇನೆ.

ಅದನ್ನು ಉಳಿಸಿದವಳು ನಾನಲ್ಲ, ನಿನ್ನ ಅಪ್ಪ. ಹೋದ ವರ್ಷ ನೀವಿಬ್ಬರೂ ರಿಜಿಸ್ಟರ್ ಮದುವೆಯಾಗಿ ಬಂದು ಬಾಗಿಲಲ್ಲಿ ನಿಂತಾಗ, “ಇನ್ನು ಈ ಮನೆಗೆ ಬರ್ಬೇಡ” ಎಂದು ಕೂಗಿದವರು ಅವರೇ. ಹದಿನೈದು ದಿನದ ಮೇಲೆ ಫ್ರಿಜ್ಜಿನ ಮೂಲೆಯಲ್ಲಿ ನಿನ್ನ ಭರಣಿ ಕಂಡಿತು. ಮೇಲೆ ಕಪ್ಪು ನೀರು ನಿಂತು ನಾರುತ್ತಿತ್ತು. ಮೋರಿಗೆ ಸುರಿಯಲು ಹೋದೆ. ಅಪ್ಪ ಕೈಯಿಂದ ಕಿತ್ತುಕೊಂಡರು.

“ಬಿಸಾಡ್ಬೇಡ, ಜೀವ ಉಂಟು ಅದರಲ್ಲಿ. ಮೂವತ್ತು ವರ್ಷ ಹೋಟೆಲಲ್ಲಿ ದೋಸೆಹಿಟ್ಟು ಹುಳಿ ಬರ್ಸಿದವ ನಾನು. ನನ್ಗೆ ಗೊತ್ತಾಗುದಿಲ್ವಾ?”

ಕಪ್ಪು ನೀರು ಚೆಲ್ಲಿ, ಒಂದು ಚಮಚ ಮಾತ್ರ ಉಳಿಸಿಕೊಂಡು, ಬೆಳಿಗ್ಗೆ ಸಂಜೆ ಗೋಧಿಹಿಟ್ಟು, ನೀರು ಕೊಟ್ಟರು. ನಾಲ್ಕನೇ ದಿನ ಗುಳ್ಳೆ ಎದ್ದಿತು. ಅಡುಗೆಮನೆಯಿಂದಲೇ ನನ್ನನ್ನು ಕೂಗಿ ಕರೆದರು.

ಆಮೇಲೆ ಬ್ರೆಡ್ಡಿನ ಹುಚ್ಚು ಹಿಡಿಯಿತು. ನೀನು ಇಂಗ್ಲಿಷಿನಲ್ಲಿ ಬರೆದಿಟ್ಟ ಪುಸ್ತಕವನ್ನು ವೈಶಾಲಿಯಿಂದ ಓದಿಸಿ, ಕನ್ನಡದಲ್ಲಿ ಬರೆದುಕೊಂಡರು. ಮೊದಲಿನದು ಕಲ್ಲು. ಚೂರಿ ಇಳಿಯಲಿಲ್ಲ. ಎರಡನೆಯದು ಒಳಗೆ ಹಸಿ. “ಸ್ವಲ್ಪ ಯೀಸ್ಟ್ ಹಾಕಿ” ಎಂದರೆ ನನ್ನ ಮೇಲೆಯೇ ಸಿಟ್ಟು. ದೀಪಾವಳಿ ಹೊತ್ತಿಗೆ ಚೆನ್ನಾಗಿ ಉಬ್ಬತೊಡಗಿತು. ಬಿಸಿ ಬ್ರೆಡ್ಡು ಆರುವಾಗ ಮೇಲಿನ ಪದರ ಚಟಚಟ ಅನ್ನುತ್ತದಲ್ಲ, ಅದಕ್ಕೆ ಕಿವಿಗೊಟ್ಟು ನಗುತ್ತಿದ್ದರು. ನೀನು ಮಾಡುತ್ತಿದ್ದಾಗ “ಈ ಹುಳಿ ಬ್ರೆಡ್ಡು ಯಾರಿಗೆ ಬೇಕು?” ಎಂದು ತಟ್ಟೆ ತಳ್ಳಿದ ಮನುಷ್ಯ!

ಫೆಬ್ರವರಿಯಲ್ಲಿ ಹಿಟ್ಟು ನಾದುತ್ತಿದ್ದಾಗಲೇ ಎದೆ ಹಿಡಿದುಕೊಂಡು ಕುಳಿತರು. ಪರೇಲಿನ ಆಸ್ಪತ್ರೆಯಲ್ಲಿ ಮೂರು ದಿನ. ಸುದ್ದಿ ವೈಶಾಲಿಯಿಂದ ತಿಳಿದು ನೀನು ನೇರ ಸ್ಮಶಾನಕ್ಕೆ ಬಂದೆ. “ಅಮ್ಮಾ, ಲಾಸ್ಟಲ್ಲಿ ಅಪ್ಪ ನನ್ನ ಬಗ್ಗೆ ಏನಾದ್ರೂ ಹೇಳಿದ್ರಾ?” ಎಂದು ಕೇಳಿದೆ. ನಾನು ಇಲ್ಲವೆಂದು ತಲೆಯಾಡಿಸಿದೆ.

ಅಂದಿನಿಂದ ಭರಣಿಗೆ ನಾನೇ ಹಿಟ್ಟು ಕೊಡುತ್ತಿದ್ದೇನೆ. ಬ್ರೆಡ್ಡು ಮಾಡುವ ಮನಸ್ಸಾಗುವುದಿಲ್ಲ. ಹೆಚ್ಚಾದದ್ದನ್ನು ದೋಸೆ ಹೊಯ್ಯುತ್ತೇನೆ. ಈ ಸೆಕೆಯಲ್ಲಿ ಹೊರಗಿಟ್ಟರೆ ದಿನಕ್ಕೆರಡು ಸಲ ಹಿಟ್ಟು ಕೊಡಬೇಕು, ಮರೆಯಬೇಡ.

ಅನಿಲರಿಗೂ ನನ್ನ ಆಶೀರ್ವಾದ ತಿಳಿಸು. ಇಬ್ಬರೂ ಹೊಟ್ಟೆತುಂಬ ಉಂಡು, ಒಬ್ಬರಿಗೊಬ್ಬರು ಆಗಿ, ನೂರು ಕಾಲ ಬಾಳಿ.

ನಿನ್ನ ಅಮ್ಮ,
ಪ್ರಫುಲ್ಲಾ

ವಿ.ಸೂ.: ಕನ್ನಡ ಓದಲು ನಿನಗೆ ಹೊತ್ತು ಹಿಡಿಯುತ್ತದೆ. ಆದರೂ ಇದನ್ನು ಅನಿಲರಿಂದ ಓದಿಸಬೇಡ, ನೀನೇ ಓದು. ಸ್ಮಶಾನದಲ್ಲಿ ನಾನು ಸುಳ್ಳು ಹೇಳಿದೆ. ದೀಪಾವಳಿಯಿಂದ ಪ್ರತಿ ಭಾನುವಾರ ಅಪ್ಪ ಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತಿಟ್ಟು, “ನಾನು ಫೋನ್ ಮಾಡಿದ್ರೆ ಕಟ್ ಮಾಡಿಯಾಳು. ನೀನೇ ಫೋನ್ ಮಾಡಿ ಕೇಳು, ತಕೊಂಡು ಬರ್ಲಾ ಅಂತ” ಎನ್ನುತ್ತಿದ್ದರು. ನಾನು ಫೋನನ್ನು ಕಿವಿಗಿಟ್ಟುಕೊಂಡು, “ರಿಂಗಾಗ್ತದೆ, ಎತ್ತುದಿಲ್ಲ” ಎನ್ನುತ್ತಿದ್ದೆ. ಒಮ್ಮೆಯೂ ನಿನ್ನ ನಂಬರ್ ಒತ್ತಿರಲಿಲ್ಲ. ಅಪ್ಪನಿಗೆ ಹೆದರಿ ನೀನು ಮದುವೆ ಮುಚ್ಚಿಟ್ಟೆ, ಸರಿ. ನನಗೂ ಹೇಳಲಿಲ್ಲವಲ್ಲ ಎಂಬ ಸಿಟ್ಟು ನನ್ನದು. ಅವರ ಸಿಟ್ಟು ಇಳಿಯಿತು, ನನ್ನದು ಇಳಿಯಲಿಲ್ಲ. ಆಸ್ಪತ್ರೆಯಲ್ಲೂ ಕೇಳಿದರು. ಹೊರಗೆ ಹೋಗಿ ಬಂದು ಅದೇ ಸುಳ್ಳು ಹೇಳಿದೆ. ಅವರು ಗೋಡೆಯ ಕಡೆ ಮುಖ ತಿರುಗಿಸಿ ಹೇಳಿದ್ದು ಇಷ್ಟೇ: “ಬರ್ಬೇಡ ಅಂದವ ನಾನೇ ಅಲ್ವಾ. ಅವಳಿಗೆ ಬಯ್ಬೇಡ.”