ಸಮುದ್ರ ಕಾಣುವ ಕಿಟಕಿ

ಬನಹಟ್ಟಿ
೬ ಫೆಬ್ರುವರಿ ೨೦೨೫, ಗುರುವಾರ

ಪ್ರೀತಿಯ ಅಪ್ಪಾ,

ನಿನ್ನ ಮಗ ಭೀಮಶಿಯ ನಮಸ್ಕಾರ. ಹೇಗಿದ್ದೀ? ಮೊಣಕಾಲು ನೋವು ಖರೆ ಕಡಿಮೆಯಾಗಿದೆಯೋ, ಇಲ್ಲ ಫೋನಿನಲ್ಲಿ ಎಲ್ಲದಕ್ಕೂ "ಛಲೋ ಐತಿ" ಎನ್ನುವ ಹಾಗೆ ಇದಕ್ಕೂ ಅಂದುಬಿಟ್ಟೆಯೋ? ಕಣ್ಣು ಹೇಗಿವೆ? ನಿನಗೆ ಕಾಣಲೆಂದು ಅಕ್ಷರ ದೊಡ್ಡದು ಮಾಡಿ ಬರೆಯುತ್ತಿದ್ದೇನೆ. ಒಂದು ಹಾಳೆಯಲ್ಲಿ ಹತ್ತು ಸಾಲು ಹಿಡಿಯುವುದೂ ಕಷ್ಟವಾಗಿದೆ. ಸಾವಕಾಶ ಓದು, ಆದರೆ ನೀನೇ ಓದು, ಯಾರ ಕೈಯಲ್ಲೂ ಓದಿಸಬೇಡ. ಇಲ್ಲಿ ಅವ್ವ ಆರಾಮ ಇದ್ದಾಳೆ. ದಿನಾ ಕೂಲಿಗೆ ನೂಲಿನ ಕಂಡಿಕೆ ಸುತ್ತುತ್ತಾಳೆ, ನಿನ್ನ ಮಗ್ಗದ ಮೇಲೆ ಹೊದಿಸಿದ ಗೋಣಿತಾಟು ವಾರಕ್ಕೊಮ್ಮೆ ಜಾಡಿಸಿ ಮತ್ತೆ ಹೊದಿಸುತ್ತಾಳೆ. ನಾನು ತೇರದಾಳದ ಸಿಮೆಂಟ್ ಅಂಗಡಿ ಬಿಟ್ಟೆ. ಯಾಕೆ ಬಿಟ್ಟೆ ಎಂದು ಕೇಳಬೇಡ, ಒಂದೇ ಕಡೆ ಕುಳಿತರೆ ನನ್ನ ಕಾಲು ನಿಲ್ಲುವುದಿಲ್ಲವೆಂದು ನಿನಗೆ ಗೊತ್ತು. ಈಗ ನೀಲಕಂಠ ಕಾಕಾನ ಗಾಡಿಯ ಮೇಲೆ ಬಟ್ಟೆ ಗಂಟು ಏರಿಸಿ ಇಳಿಸುತ್ತೇನೆ.

ಲಕೋಟೆಯ ಮೇಲೆ ಬರೆದ ನಿನ್ನ ವಿಳಾಸ ನೋಡಿದಾಗಲೇ ನಿನಗೆ ತಿಳಿದಿರಬೇಕು. ಹೌದು ಅಪ್ಪಾ. ನೀನು ಕೆಲಸ ಮಾಡುವ ಜಾಗ ನನಗೆ ಗೊತ್ತಾಗಿದೆ. ಭಾನುವಾರದ ಫೋನಿನಲ್ಲಿ ಇದನ್ನು ಹೇಳಲು ಆಗುವುದಿಲ್ಲ. ಅವ್ವ ಸ್ಪೀಕರ್ ಹಾಕಿ, ಪಕ್ಕದ ಮನೆಯ ಹಣಮವ್ವನನ್ನೂ ಕರೆದು ಕೂಡಿಸಿಕೊಳ್ಳುತ್ತಾಳೆ. ಅದಕ್ಕೇ ಬರೆಯುತ್ತಿದ್ದೇನೆ. ಸಾಲಿ ಬಿಟ್ಟ ಮೇಲೆ ಇಷ್ಟು ಉದ್ದ ಬರೆಯುತ್ತಿರುವುದು ಇದೇ ಮೊದಲು.

ಕಾಕಾ ಮಕ್ಕಳಿಗೆ ಸಮುದ್ರ ತೋರಿಸಲು ಗೋವಾಕ್ಕೆ ಹೊರಟಾಗ ನನ್ನನ್ನೂ ಕರೆದ. ನಾನು ಕುಣಿದಾಡಿದೆ. ಸಮುದ್ರಕ್ಕಲ್ಲ, ನಿನ್ನನ್ನು ನೋಡುತ್ತೇನೆಂದು. ಒಂದೂವರೆ ವರ್ಷವಾಯಿತಲ್ಲ. ನೀನು ಗೋವಾಕ್ಕೆ ಹೋದ ಮೂರನೇ ತಿಂಗಳು ಕಳಿಸಿದ ಫೋಟೋ ನೆನಪಿದೆಯಲ್ಲ? ಬೆತ್ತದ ಕುರ್ಚಿಯ ಮೇಲೆ ನೀನು, ಬೆನ್ನ ಹಿಂದೆ ದೊಡ್ಡ ಕಿಟಕಿ, ಗಾಳಿಗೆ ಹಾರುವ ಹಳದಿ ಪರದೆ, ಆಚೆ ನೀಲಿ ಸಮುದ್ರ, ಒಂದು ದೋಣಿ. "ಹೋಟೆಲ್ಲಿನ ಮಾಲಕರು ನನಗ ಕೊಟ್ಟ ಖೋಲಿ ಇದು. ಮಲಗಿದಲ್ಲಿಂದನ ಸಮುದ್ರ ಕಾಣತೈತಿ" ಎಂದಿದ್ದೆ. ಅವ್ವ ಅದನ್ನು ಜಮಖಂಡಿಯಲ್ಲಿ ದೊಡ್ಡದು ಮಾಡಿಸಿ, ಗಾಜಿನ ಕಟ್ಟು ಹಾಕಿಸಿ, ಮಗ್ಗದ ಮೇಲಿನ ಗೋಡೆಗೆ ತೂಗುಹಾಕಿದಳು. ಓಣಿಯ ಮಂದಿಯೆಲ್ಲ ಬಂದು ನೋಡಿ ಹೋದರು. ಹಣಮವ್ವ, "ಏ ಅನಸವ್ವಾ, ನಿಮ್ಮ ಮನಿಯವ್ರು ಸಮುದ್ರಾನ ಮನಿಗಿ ಕರಸ್ಕೊಂಡಾರಲ್ಲಬೇ" ಎಂದು ನಕ್ಕಳು. ಆ ಕಿಟಕಿಯಲ್ಲಿ ಒಂದು ಸಲ ನಿಂತು ನೋಡಬೇಕೆಂಬುದೊಂದೇ ನನ್ನ ಆಸೆಯಾಗಿತ್ತು. ಆದರೆ ನಾವು ಬರುತ್ತೇವೆಂದು ಫೋನು ಮಾಡಿದರೆ ನೀನು, "ಆ ನಾಕ ದಿವಸ ನಾ ಇರಂಗಿಲ್ಲೋ. ಮಾಲಕರ ಜೋಡಿ ಮುಂಬೈಗಿ ಹೊಂಟೀನಿ" ಎಂದೆ. ಆದರೂ ಹೊರಡುವ ದಿನ ಅವ್ವ ಸಜ್ಜಿರೊಟ್ಟಿ, ಶೇಂಗಾಚಟ್ನಿಯ ಗಂಟು ಕಟ್ಟಿ ನನ್ನ ಕೈಗಿಟ್ಟಳು. ಅಪ್ಪ ಅಲ್ಲಿಲ್ಲವಲ್ಲ ಎಂದರೆ, "ಇರಲಿ, ಒಯ್ಯಿ. ಒಣಾ ರೊಟ್ಟಿ ಎಲ್ಲಿ ಕೆಡತಾವು" ಎಂದಳು.

ಲೋಕಾಪುರ ದಾಟುವುದರೊಳಗೆ ಕಾಕಾನ ಮಗಳು ಪೂರ್ಣಿಮಾ ಎರಡು ಸಲ ವಾಂತಿ ಮಾಡಿಕೊಂಡಳು. ಗೋವಾ ಮುಟ್ಟುವ ತನಕ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಸಮುದ್ರ ದೊಡ್ಡದು, ಇಲ್ಲ ಎನ್ನುವುದಿಲ್ಲ. ಆದರೆ ಅವರವರು ಅವರವರ ಮಂದಿಯ ಜೋಡಿ ನೀರಿಗಿಳಿದು ಚೀರಾಡುತ್ತಿದ್ದರೆ ನಾನು ದಂಡೆಯಲ್ಲಿ ಅವರ ಚಪ್ಪಲಿ ಕಾಯುತ್ತಾ ಕೂತಿದ್ದೆ. ಜನಜಂಗುಳಿಯಲ್ಲಿ ಅಷ್ಟು ಒಬ್ಬಂಟಿ ಎನಿಸಿದ್ದು ಅದೇ ಮೊದಲು. ನೀನು ಇಂಥ ಊರಲ್ಲಿ ದಿನಾ ಸಂಜೆ ಹೇಗೆ ಕಳೆಯುತ್ತೀ ಎಂದು ಯೋಚನೆ ಬಂತು.

ಎರಡನೆಯ ದಿನ ಬಿಸಿಲು ಹೆಚ್ಚಾಗಿ ಕಾಕಾ ನಮ್ಮನ್ನು ಆ ಕಣ್ಕಟ್ಟಿನ ಚಿತ್ರಗಳ ಮನೆಗೆ ಕರೆದೊಯ್ದ. ನಿನಗೆ ಅದನ್ನು ವರ್ಣಿಸಿ ಹೇಳುವ ಅವಶ್ಯಕತೆ ಇಲ್ಲ, ಆದರೂ ನಮ್ಮವರ ಅವತಾರ ಕೇಳು. ನೆಲದ ಮೇಲೆ ಬರೆದ ಹೊಳೆ ನೋಡಿ ಕಾಕಿ ಸೀರೆ ಎತ್ತಿ ಹಿಡಿದು ದಾಟಿದಳು. ಮುರಿದ ಸೇತುವೆಯ ಚಿತ್ರದ ಮೇಲೆ ಕಾಲಿಡಲು ಒಪ್ಪಲೇ ಇಲ್ಲ. ಕಾಕಾ ಗೋಡೆಗೆ ಬರೆದ ಮೀನಿನ ಬಾಯಲ್ಲಿ ತಲೆಯಿಟ್ಟು ಒದರಿದ. ಪೂರ್ಣಿಮಾ ರಾಕ್ಷಸನ ಅಂಗೈಯಲ್ಲಿ ಕೂತಳು. ಒಂದು ಕೋಣೆಯಲ್ಲಿ ಈ ಮೂಲೆಗೆ ನಿಂತವರು ದೈತ್ಯರಾಗಿ, ಆ ಮೂಲೆಗೆ ನಿಂತವರು ಗೇಣುದ್ದವಾಗಿ ಕಾಣುತ್ತಾರಲ್ಲ, ಅಲ್ಲಿಗೆ ಇಬ್ಬರು ಬೇಕು. ನನ್ನ ಜೋಡಿ ನಿಲ್ಲಲು ಯಾರೂ ಉಳಿದಿರಲಿಲ್ಲ. ನಾನು ಪ್ರತಿ ಚಿತ್ರಕ್ಕೂ ಪಕ್ಕದಿಂದ ಹೋಗಿ ನೋಡುತ್ತಿದ್ದೆ. ಪಕ್ಕದಿಂದ ನೋಡಿದರೆ ಎಲ್ಲ ಸೊಟ್ಟಪಟ್ಟ, ಎಳೆದ ರಬ್ಬರಿನ ಹಾಗೆ. ಕಾಕಾ ಬೈದ: "ಲೇ ಭೀಮ್ಯಾ, ನೆಲದ ಮ್ಯಾಲೆ ಪಾದದ ಗುರುತ ಹಾಕ್ಯಾರಲ್ಲ, ಅಲ್ಲಿ ನಿಂತ ನೋಡಲೇ! ಎಲ್ಲಾದ್ರಾಗೂ ಸುಳ್ಳ ಹುಡುಕತಾನ ಮಗಾ."

ನಾನು ಹುಡುಕಲಿಲ್ಲ ಅಪ್ಪಾ. ಕೊನೆಯ ಸಾಲಿನ ತಿರುವಿನಲ್ಲಿ ಅದೇ ಎದುರಿಗೆ ಬಂದು ನಿಂತಿತು. ಹಳದಿ ಪರದೆ, ನೀಲಿ ಸಮುದ್ರ, ದೋಣಿ. ಮುಂದೆ ಅದೇ ಬೆತ್ತದ ಕುರ್ಚಿ. ಮೊದಲು ನನಗೆ ಖುಷಿಯೇ ಆಯಿತು, ನಿನ್ನ ಖೋಲಿಗೇ ಬಂದುಬಿಟ್ಟೆ ಎಂದು. ತಡೆಯಲಾಗದೆ ಹತ್ತಿರ ಹೋಗಿ, ನೀನು ಕಲಿಸಿದ ಹಾಗೆ, ಪರದೆಯ ಅಂಚನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಹೊಸೆದು ನೋಡಲು ಹೋದೆ. ಬಟ್ಟೆ ಬೆರಳಿಗೆ ಸಿಗಲಿಲ್ಲ. ತಣ್ಣನೆಯ ಗೋಡೆ, ನುಣ್ಣಗಿನ ಬಣ್ಣ.

ಹಿಂದೆ ಯಾರೋ ನಕ್ಕರು. ಕೊರಳಲ್ಲಿ ಗುರುತಿನ ಪಟ್ಟಿ ಹಾಕಿದ್ದ ಹುಡುಗಿ. ಮಾದೇವಿ. ಅವಳು ಕನ್ನಡದಲ್ಲೇ ಅಂದಳು: "ಮುಟ್ಟಿ ನೋಡಾವ್ರು ದಿನಾ ನೂರು ಮಂದಿ ಬರ್ತಾರ. ಹಿಂಗ ಚಿವುಟಿ ನೋಡಿದಾವ್ರು ಇಬ್ಬರ. ನಮ್ಮ ಗಿರಮಲ್ಲಪ್ಪ ಕಾಕಾ ಒಬ್ರು, ಇನ್ನೊಬ್ಬ ನೀ. ಯಾವೂರೋ ತಮ್ಮಾ?" ನಿನ್ನ ಹೆಸರು ಕೇಳಿಯೂ ಬನಹಟ್ಟಿ ಎಂದಷ್ಟೇ ಅಂದೆ. ಅವಳ ಮುಖ ಅರಳಿತು. ತಾನು ಬೀಳಗಿ ಕಡೆಯವಳು, ತಂದೆ ತಾಯಿ ರಸ್ತೆ ಕೆಲಸಕ್ಕೆ ಬಂದು ಇಲ್ಲೇ ನಿಂತವರು ಎಂದಳು. ಆಮೇಲೆ ನಾನು ಕೇಳದಿದ್ದರೂ ಹೇಳಿದಳು: "ಕಾಕಾ ಇಲ್ಲೇ ಕೆಲಸಕ್ಕದಾರ. ನೆಲಾ ಒರಸ್ತಾರ, ಗ್ವಾಡಿ ಮ್ಯಾಲಿನ ಕೈಗುರುತ ತಿಕ್ಕತಾರ. ಈಗ ನಾಕ ದಿವಸ ರಜಾ ಹಾಕ್ಯಾರ ನೋಡು. ಊರಿಂದ ನಮ್ಮ ಮಂದಿ ಬರ್ತಾರ, ಅವ್ರಿಗೆ ಗೋವಾ ತೋರಸ್ಬೇಕು ಅಂತ ಭಾಳ ಖುಷಿಲೆ ಹ್ವಾದ್ರು. ನೀವು ಅವ್ರ ಮಂದೀನ ಏನ?"

ಅಪ್ಪಾ, ಆಗ ನನ್ನ ಕಾಲ ಕೆಳಗಿನ ನೆಲ ಆ ಮುರಿದ ಸೇತುವೆಯ ಹಾಗೇ ಆಯಿತು. "ಅವ್ರು ನಮ್ಮಪ್ಪ" ಎಂದೆ. "ಹೌದಾ! ಇಂಜಿನಿಯರಿಂಗ್ ಓದಾಕತ್ತಾನ ಅಂತಾರಲ್ಲ, ಆ ಮಗಾ ನೀನ ಏನ?" ಎಂದಳು. ನಾನು ಒಂದು ಉಸಿರು ಸುಮ್ಮನಿದ್ದಿದ್ದರೆ ಸಾಕಾಗಿತ್ತು. ಆಗಲಿಲ್ಲ. "ಇಲ್ರೀ ಅಕ್ಕಾರ, ನಾ ಒಬ್ಬನ ಮಗಾ. ಹತ್ತನೇತ್ತದಾಗ ಗಣಿತ ಫೇಲಾಗಿ ಸಾಲಿ ಬಿಟ್ಟಾವ" ಎಂದುಬಿಟ್ಟೆ. ಅವಳ ನಗು ಇಳಿದುಹೋಯಿತು. ನಾನು ಹೇಳಿದ್ದು ಖರೆ, ಆದರೆ ಅದು ನಿನ್ನ ಬೆನ್ನ ಹಿಂದೆ, ನೀನು ದಿನಾ ಮುಖ ತೋರಿಸಬೇಕಾದ ಜಾಗದಲ್ಲಿ ಹೇಳಿದ್ದು. ಅದಕ್ಕೆ ನನಗೆ ನಾಚಿಕೆಯಾಗಿದೆ. ತಪ್ಪಾಯಿತು.

ಮಾದೇವಿ ಆಮೇಲೆ ನಿನ್ನ ಜಾಗ ತೋರಿಸಿದಳು. ಮೆಟ್ಟಿಲ ಕೆಳಗಿನ ಖೋಲಿ. ಕಿಟಕಿ ಇಲ್ಲ. ಚಾಪೆ, ಟ್ರಂಕು, ಚೌಕಡಿ ಟಾವೆಲ್ಲು, ಗೋಡೆಗೆ ಮೊಳೆ ಹೊಡೆದು ಸಿಕ್ಕಿಸಿದ ಅಂಗೈಯಗಲದ ಸೆರಗಿನ ತುಂಡು. ನೀನೇ ನೇಯ್ದದ್ದೆಂದು ದೂರದಿಂದಲೇ ತಿಳಿಯಿತು. ಅವ್ವನ ಗಂಟನ್ನು ಟ್ರಂಕಿನ ಮೇಲೆ ಇಟ್ಟು ಬಂದೆ. ತಿಂದೆಯಾ? ಹೊರಗೆ ಬಂದು ಆ ಬೆತ್ತದ ಕುರ್ಚಿಯಲ್ಲಿ ಸ್ವಲ್ಪ ಹೊತ್ತು ಕೂತೆ. ಆ ಕುರ್ಚಿಯಲ್ಲಿ ಕೂತವನಿಗೆ ಸಮುದ್ರ ಕಾಣುವುದಿಲ್ಲ ಅಪ್ಪಾ. ಎದುರಿಗೆ ಕಾಣುವುದು ನಿನ್ನ ಬಕೆಟ್ಟು ಮತ್ತು ಒರೆಸುವ ಕೋಲು.

ಉಳಿದೆರಡು ದಿನ ನಾನು ಸಮುದ್ರಕ್ಕೆ ಬೆನ್ನು ಮಾಡಿ ಕೂತು ದಾರಿಯನ್ನೇ ನೋಡಿದೆ. ನಿನ್ನ ಹಾಗೆ ತಲೆಗೆ ಟಾವೆಲ್ಲು ಸುತ್ತಿದ ಪ್ರತಿಯೊಬ್ಬನನ್ನೂ ಎದ್ದು ಹೋಗಿ ನೋಡಿ ಬಂದೆ. ಒಬ್ಬ ತೆಂಗಿನಕಾಯಿ ಮಾರುವವನು ನನ್ನನ್ನು ಕಳ್ಳನೆಂದು ಬೈದ. ಆ ನಾಲ್ಕು ದಿನ ನೀನು ಎಲ್ಲಿದ್ದೆ? ಎಲ್ಲಿ ಮಲಗಿದೆ? ನಮ್ಮಿಂದ ಅಡಗಿಕೊಳ್ಳಲು ರಜೆ ಹಾಕಿ, ನಮ್ಮ ಜೋಡಿ ತಿರುಗುತ್ತೇನೆಂದು ಅವರಿಗೆ ಹೇಳಿ, ಒಬ್ಬನೇ ಯಾವ ದಂಡೆಯ ಮೇಲೆ ಕೂತಿದ್ದೆ? ಮೊದಲು ನನಗೆ ಸಿಟ್ಟು ಬಂದಿತ್ತು, ಸುಳ್ಳು ಹೇಳುವುದಿಲ್ಲ. ಬರುವಾಗ ಗಾಡಿಯಲ್ಲಿ ಈ ಪ್ರಶ್ನೆ ಬಂದ ಮೇಲೆ ಸಿಟ್ಟು ಹೋಯಿತು.

ನೆಲ ಒರೆಸುವುದು ನಾಚಿಕೆಯ ಕೆಲಸವೆಂದು ನನಗೆ ಅನಿಸುವುದಿಲ್ಲ. ನೀನು ಊರು ಬಿಟ್ಟ ದಿನ ನನಗೆ ನೆನಪಿದೆ. ನೇಯುವಾಗ ಎಲ್ಲಾದರೂ ಎಳೆ ತಪ್ಪಿದ್ದರೆ ನೀನು ಆ ಜಾಗದ ಅಂಚಿಗೆ ಕೆಂಪು ದಾರ ಕಟ್ಟುತ್ತಿದ್ದೆ. ನೂಲು ಕೊಟ್ಟು ಸೀರೆ ನೇಯಿಸುವ ಸಾವಕಾರ ಬಿಚ್ಚಿ ನೋಡುವ ಮೊದಲೇ "ಇಲ್ಲಿ ತಪ್ಪೈತ್ರಿ" ಎನ್ನುತ್ತಿದ್ದೆ. ಅವನು ಕೂಲಿಯ ದರ ಕಡಿಯುತ್ತಿದ್ದ, ಅವ್ವ ಮನೆಯಲ್ಲಿ ಬೈಯುತ್ತಿದ್ದಳು, ನೀನು "ನೇಯ್ದಾವನ ತೋರಸ್ಬೇಕು" ಎನ್ನುತ್ತಿದ್ದೆ. ನನ್ನ ಬಾಯಿ ಹೀಗಾಗಲು ಆ ಮಾತೇ ಕಾರಣ. ಊರು ಬಿಟ್ಟ ಆ ಸಲ ಸೀರೆಯಲ್ಲಿ ಮೂರು ಕಡೆ ಎಳೆ ತಪ್ಪಿತ್ತು, ದಾರ ಒಂದೂ ಇರಲಿಲ್ಲ. ಸಾವಕಾರ ನಕ್ಕು, "ಗಿರಮಲ್ಲಪ್ಪಾ, ಕಡೀಕ ನೀನೂ ತಪ್ಪ ಮುಚ್ಚೂದು ಕಲತಿ ಬಿಡು" ಎಂದ. ಕಣ್ಣು ಕಾಣಲಿಲ್ಲವೆಂದು ನೀನು ಹೇಳಲಿಲ್ಲ. ಮನೆಗೆ ಬಂದು ಮಗ್ಗಕ್ಕೆ ಗೋಣಿತಾಟು ಹೊದಿಸಿದೆ. ನಾನು ಅಲ್ಲೇ ನಿಂತಿದ್ದೆ. ಎಲ್ಲದಕ್ಕೂ ಬಾಯಿ ಹಾಕುವವನು, ಅಂದು ಸಾವಕಾರನಿಗೆ "ನಮ್ಮಪ್ಪಗ ಕಣ್ಣ ಕಾಣಂಗಿಲ್ರಿ" ಎನ್ನಲಿಲ್ಲ. ಇದನ್ನು ನಿನಗೆ ಹೇಳಬೇಕಿತ್ತು.

ಈಗ ಮುಖ್ಯ ಮಾತು. ನಾವು ಬಂದು ನಾಲ್ಕು ದಿನವಾಯಿತು. ಅವ್ವ ಇನ್ನೂ ಕಿಟಕಿಯ ಬಗ್ಗೆ ಕೇಳಿಲ್ಲ. ಕೇಳಿದರೆ ನಾನು ಹೇಳಿಬಿಡುತ್ತೇನೆ, ನನ್ನಿಂದ ತಡೆಯಲಾಗುವುದಿಲ್ಲ. ಅದಕ್ಕೇ ನಸುಕಿನಲ್ಲಿ ಮನೆ ಬಿಟ್ಟು, ಊಟದ ಹೊತ್ತಿಗೆ ಬಂದು, ಗಂಗಾಳದಲ್ಲಿದ್ದದ್ದು ಮುಗಿಸಿ ಮತ್ತೆ ಓಡುತ್ತಿದ್ದೇನೆ. ಒಂದೇ ಮನೆಯಲ್ಲಿದ್ದು ಅವ್ವನ ಮುಖ ನೋಡದೆ ಇರುವುದು ಎಷ್ಟು ಕಷ್ಟವೆಂದು ನಿನಗೆ ಹೇಗೆ ಹೇಳಲಿ? ಸ್ಪೀಡ್ ಪೋಸ್ಟ್ ಶನಿವಾರ ಮುಟ್ಟುತ್ತದೆಂದು ಹೇಳಿದ್ದಾರೆ. ಭಾನುವಾರ ಫೋನಿನಲ್ಲಿ ನೀನೇ ಅವ್ವನಿಗೆ ಹೇಳು. ಹಣಮವ್ವ ಬಂದು ಕೂಡದ ಹಾಗೆ ನಾನು ನೋಡಿಕೊಳ್ಳುತ್ತೇನೆ. ನನ್ನ ಬಾಯಿಂದ ಬಂದರೆ ಅದು ಸಿಕ್ಕಿಬಿದ್ದ ತಪ್ಪಾಗುತ್ತದೆ. ನಿನ್ನ ಬಾಯಿಂದ ಬಂದರೆ ತೋರಿಸಿದ ತಪ್ಪಾಗುತ್ತದೆ.

ಮಾದೇವಿ ಅಕ್ಕನಿಗೆ ನನ್ನ ನಮಸ್ಕಾರ ಹೇಳು. ಪೂರ್ಣಿಮಾ ನಿನಗೆ ಒಂದು ಶಂಖ ಆರಿಸಿ ಇಟ್ಟಿದ್ದಾಳೆ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ, ಸಾಲಿ ಬಿಟ್ಟ ಒಬ್ಬನೇ ಮಗ,
ಭೀಮಶಿ

ತಾ.ಕ.: ಅಂಚೆ ಕಚೇರಿ ಮುಚ್ಚುವ ಹೊತ್ತಾಗಿದೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಲಕೋಟೆ ಅಂಟಿಸುವ ಮೊದಲು ಇನ್ನೊಮ್ಮೆ ಆ ಪರದೆ ನೋಡೋಣವೆಂದು ಫೋಟೋ ಕೆಳಗಿಳಿಸಿದೆ. ಕಟ್ಟಿನ ಹಿಂದಿನ ಕೊಂಡಿಗೆ ಕೆಂಪು ದಾರ ಕಟ್ಟಿದೆ ಅಪ್ಪಾ. ಧೂಳು ಹಿಡಿದಿದೆ, ಇಂದು ನಿನ್ನೆ ಕಟ್ಟಿದ್ದಲ್ಲ. ಅವ್ವ ಬಾಗಿಲಲ್ಲಿ ನಿಂತಿದ್ದಳು. "ಫೋಟೋ ತೂಗ ಹಾಕಿದ ದಿವಸನ ಕಟ್ಟೀನಿ. ಅಷ್ಟ ಗಾಳಿಗಿ ಹಾರೋ ಅರಿವ್ಯಾಗ ಒಂದ ಸುಕ್ಕ ಇಲ್ಲ, ಒಂದ ಎಳಿ ಕಾಣವಲ್ದು. ನಾ ಏನ ಬಟ್ಟಿ ನೋಡದಾಕೀನ?" ಎಂದಳು. ಮತ್ತೆ ಯಾಕೆ ಓಣಿಗೆಲ್ಲ ತೋರಿಸಿದೆ ಎಂದೆ. "ಅವ್ರ ಮುಖದಾಗ ಸುಳ್ಳಿರಲಿಲ್ಲಲೋ. ಅಷ್ಟ ಛಂದ ಕುಂತಾರ" ಎಂದಳು. ನೀನು ತಪ್ಪು ತೋರಿಸಿದರೆ ತಾನು ಸಾವಕಾರನ ಹಾಗೆ ದರ ಕಡಿಯುವುದಿಲ್ಲವಂತೆ. ಮುಂದಿನ ತಿಂಗಳು ಜಮಖಂಡಿಯಲ್ಲಿ ಕಣ್ಣಿನ ಪೊರೆ ತೆಗೆಯುವ ಶಿಬಿರವಿದೆ, ನಿನ್ನ ಹೆಸರು ಅವಳು ಆಗಲೇ ಬರೆಸಿ ಬಂದಿದ್ದಾಳೆ. ಭಾನುವಾರ ಫೋನು ಬೇಡವಂತೆ, ನೀನೇ ಬಂದು ದಾರ ಬಿಚ್ಚಬೇಕಂತೆ. ಗಂಟು ದೊಡ್ಡದಾಗಿಯೇ ಹಾಕಿದ್ದಾಳೆ ಅಪ್ಪಾ. ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಸಿಗುತ್ತದೆ.