ರಿವೆಟ್ ಇಲ್ಲದ ಟ್ಯಾಂಕು

ಅಪ್ಪಾ,

ಕೂಗಿ ಹೇಳಿದರೆ ನಿನ್ನೊಬ್ಬನನ್ನು ಬಿಟ್ಟು ಇಡೀ ಬೀದಿಗೆ ಕೇಳಿಸುತ್ತದೆ. ಅದಕ್ಕೇ ಇದನ್ನು ಬರೆದು ನಿನ್ನ ಕನ್ನಡಕದ ಕೆಳಗೆ ಇಟ್ಟಿದ್ದೇನೆ.

ಹೌದು, ಮ್ಯೂಸಿಯಮ್ಮಿನ ಹಳೆಯ ಉಗಿ ರೈಲು ಇಂಜಿನ್ನಿಗೆ ಹೊಸ ನೀರಿನ ಟ್ಯಾಂಕನ್ನು ವೆಲ್ಡಿಂಗ್ ಮಾಡಿಯೇ ಕೂಡಿಸಿದ್ದೇನೆ, ತಗಡು ಬಿಗಿಯುವ ರಿವೆಟ್ ಮೊಳೆ ಹೊಡೆದಿಲ್ಲ. ನಿನ್ನೆ ನೀನು ಶೆಡ್ಡಿಗೆ ಬಂದು ಎಲ್ಲರೆದುರು, "ಇದು ಇಂಜಿನ್ ಅಲ್ಲ, ಬಿಸ್ಕತ್ತಿನ ಡಬ್ಬ" ಅಂದೆ. ನಮ್ಮ ಮ್ಯೂಸಿಯಮ್ಮಿನ ಅಧ್ಯಕ್ಷರಿಗೆ ಅಷ್ಟೇ ಸಾಕಾಯಿತು. "ಮೇಲೆ ಸುಳ್ಳು ರಿವೆಟ್ಟಾದ್ರೂ ಅಂಟಿಸಮ್ಮ, ನೋಡೋರಿಗೆ ಹಳೇದು ಅನ್ನಿಸ್ಲಿ" ಅಂತ ಬೆನ್ನು ಹತ್ತಿದ್ದಾರೆ. ಅಂಟಿಸುವುದಿಲ್ಲ. ಬೆಸುಗೆಯ ಗೆರೆ ಕಾಣಲಿ. ಕೇಳಿದವರಿಗೆ ನಾನೇ ಹಾಕಿದ್ದೆಂದು ಹೇಳುತ್ತೇನೆ.

ನೀನು ಕಲಿಸಿದ್ದು ಮರೆತಿಲ್ಲ. ಹೊರಗಿನಿಂದ ಒಬ್ಬರು ಸುತ್ತಿಗೆ ಬೀಸುವಾಗ ಇನ್ನೊಬ್ಬರು ಟ್ಯಾಂಕಿನೊಳಗೆ ಕೂತು ರಿವೆಟ್ಟನ್ನು ಒತ್ತಿ ಹಿಡಿಯಬೇಕು. ಆಯುಷ್ಯವೆಲ್ಲ ಆ ಸದ್ದಿನೊಳಗೆ ಕೂತವನು ನೀನು. ಈಗ ಕೂರಬೇಕಾದವಳು ನಾನು, ಕೂರುವುದಿಲ್ಲ.

ಭಾನುವಾರ ಟ್ಯಾಂಕಿಗೆ ನೀರು ತುಂಬುತ್ತೇವೆ. ಬಂದು ನೋಡು, ಒಂದು ಹನಿ ಸೋರಿದರೂ ಬಾಯಿಗೆ ಬಂದಂತೆ ಬೈ. ಬರುವಾಗ ನನ್ನ ಮಗಳ ಕೈ ಹಿಡಿದು ಕರೆದುಕೊಂಡು ಬಾ. ಅವಳು ಹಿಂದಿನಿಂದ "ತಾತಾ" ಅಂತ ಎಷ್ಟು ಕೂಗಿದರೂ ನೀನು ತಿರುಗುವುದಿಲ್ಲ. "ಅಮ್ಮಾ" ಅಂದಾಗ ನಾನು ತಿರುಗಬೇಕು.

ನಿನ್ನಷ್ಟೇ ಹಟಮಾರಿಯಾದ
ಮಗಳು